ನಾಲ್ಕು ಬೆರಳು ಎತ್ತರಕ್ಕೆ ನಿಂತ ಕಾರು

ಕಾರು ಗೇಟಿನೊಳಗೆ ಬರುವಾಗಲೇ ಅದರ ಹಿಂದಿನ ಎಡಗಡೆ ಕೂತುಹೋಗಿದೆ ಎಂದು ಗೊತ್ತಾಯಿತು. ಮೂತಿ ನೇರವಾಗಿ ನನ್ನ ಕಡೆ ಬರುತ್ತಿತ್ತು, ಹಿಂಭಾಗ ಪಕ್ಕದ ಮನೆಯ ಕಾಂಪೌಂಡಿನ ಕಡೆಗೆ ಹೊರಟಿತ್ತು. ಐವತ್ತರ ದಶಕದಲ್ಲಿ ಇಂಗ್ಲೆಂಡಿನಿಂದ ಬಂದ ನಾಲ್ಕು ಬಾಗಿಲಿನ ಪುಟ್ಟ ಕಪ್ಪು ಕಾರು. ಚಾಮರಾಜಪೇಟೆಯ ನಮ್ಮ ಗ್ಯಾರೇಜಿನಲ್ಲಿ ಹಳೆಯ ಕಾರುಗಳದೇ ಕೆಲಸ, ಹಾಗಾಗಿ ಅದನ್ನು ನೋಡಿ ನನಗೇನೂ ಪುಳಕವಾಗಲಿಲ್ಲ. ಹಿಂದಿನ ಚಕ್ರ ಮಡ್‌ಗಾರ್ಡಿಗೆ ಉಜ್ಜಿ ಉಜ್ಜಿ ಟೈರಿನ ಬದಿ ಸವೆದುಹೋಗಿದ್ದನ್ನು ಕಂಡಾಗ ಮಾತ್ರ ಮೈ ಉರಿಯಿತು. ಇದನ್ನು ಹೀಗೇ ಓಡಿಸಿಕೊಂಡು ಬಂದಿದ್ದಾರಲ್ಲ, ಇವರಿಗೆ ಜೀವದ ಮೇಲೆ ಆಸೆ ಇಲ್ಲವೇ ಎಂದುಕೊಂಡೆ.

ಹಿಂದಿನ ಎಡ ಬಾಗಿಲು ತೆರೆಯಿತು. ಒಬ್ಬರು ವಯಸ್ಸಾದ ಹೆಂಗಸು ಸೀಟಿನಲ್ಲೇ ಪಕ್ಕಕ್ಕೆ ತಿರುಗಿ, ಎರಡೂ ಪಾದಗಳನ್ನು ಹೊರಗೆ ತಂದು ನೆಲಕ್ಕೆ ಊರಿ, ಬಾಗಿಲ ಕಂಬ ಹಿಡಿದು ನಿಧಾನವಾಗಿ ಎದ್ದು ನಿಂತರು. ಡ್ರೈವರು ದೂರದಲ್ಲೇ ನಿಂತಿದ್ದ, ಕೈ ಕೊಡಲು ಬರಲಿಲ್ಲ. ಅವರೇ ಕಾರಿನ ಒಡತಿ. ಕುಳ್ಳಗಿನ ಆಳು, ಹಣೆಯಲ್ಲಿ ವಿಭೂತಿ, ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದ ಸೆರಗು. ಗಂಡ ತೀರಿಕೊಂಡ ಮೇಲೆ ಪೇಟೆಯಲ್ಲಿರುವ ರವಿಕೆ ಕಣದ ಸಗಟು ಅಂಗಡಿಯನ್ನು ಅವರೇ ನಡೆಸುತ್ತಿದ್ದರು. ಶಂಕರಪುರದ ಮನೆಯಿಂದ ದಿನವೂ ಈ ಕಾರಿನಲ್ಲೇ ಅಂಗಡಿಗೆ ಹೋಗುತ್ತಿದ್ದರು.

"ನೀನೇನಮ್ಮಾ ಮೆಕ್ಯಾನಿಕ್ಕು?" ಎಂದರು.

"ಹೌದಮ್ಮಾ, ನಾನೇ."

"ಸದ್ಯ. ಗಂಡಸ್ರಿಗೆ ಮೊಣಕಾಲಿನ ವಿಷ್ಯ ಹೇಳಿದ್ರೆ ತಲೆಗೇ ಹೋಗಲ್ಲ. ನೋಡು, ನನ್ನ ಎರಡು ಮೊಣಕಾಲೂ ಪೂರ್ತಿ ಮಡಚಲ್ಲ. ಈ ಕಾರಾದ್ರೆ ನಾನೇ ಹತ್ತಿ ನಾನೇ ಇಳೀತೀನಿ. ನಮ್ಮ ಹುಡುಗನ ಕಾರಲ್ಲಿ ಕೂತ್ರೆ ಬಾವಿಗೆ ಬಿದ್ದಂಗೆ, ಯಾರಾದ್ರೂ ಎಳೀಬೇಕು. ಆಟೋಗೆ ಕಾಲೇ ಎತ್ತೋಕಾಗಲ್ಲ. ಅಂಗಡಿ ಮುಂದೆ ನನ್ನನ್ನ ಯಾರಾದ್ರೂ ಹಿಡ್ಕೊಂಡು ಇಳಿಸೋ ದಿನ ಬಂತು ಅಂದ್ರೆ, ಅವತ್ತಿಗೆ ಅಂಗಡಿ ಸಹವಾಸ ಮುಗೀತು. ಮನೇಲಿ ಕೂತ್ಬಿಡ್ತೀನಿ."

"ಈಗ್ಲೇ ಯಾಕಮ್ಮಾ ಅಂಥ ಮಾತು?"

"ಮಾತಲ್ಲಮ್ಮ. ಪೇಟೆ ಜನ ಕಣ್ಣಲ್ಲೇ ತೂಕ ಹಾಕ್ತಾರೆ. ಕೈ ಹಿಡಿಸ್ಕೊಂಡು ಇಳಿಯೋ ಹೆಂಗಸಿನ ಹತ್ರ ಯಾವನು ನೆಟ್ಟಗೆ ವ್ಯಾಪಾರ ಮಾಡ್ತಾನೆ?"

ಅವರು 'ನಮ್ಮ ಹುಡುಗ' ಎಂದದ್ದು ತಮ್ಮನ ಮಗನನ್ನು. ಮೂವತ್ತು ದಾಟಿದ, ಮೃದುವಾಗಿ ಮಾತಾಡುವ ಮನುಷ್ಯ. ಅಂಗಡಿಯಲ್ಲಿ ಅವರಿಗೆ ಸಹಾಯಕ್ಕಿದ್ದ. ಅವನು ಹಿಂದೆಯೇ ತನ್ನ ಕಾರಿನಲ್ಲಿ ಬಂದು ಅತ್ತೆಯನ್ನು ಮನೆಗೆ ಕರೆದುಕೊಂಡು ಹೋದ. ಹತ್ತುವಾಗ ಅವರು ಸೀಟಿಗೆ ದೊಪ್ಪೆಂದು ಬಿದ್ದದ್ದನ್ನು ನಾನೂ ನೋಡಿದೆ.

ಹಿಂಭಾಗವನ್ನು ಜಾಕಿಯಿಂದ ಎತ್ತಿ, ಅಡಿಯ ಉಕ್ಕಿನ ಚೌಕಟ್ಟಾದ ಚಾಸಿಗೆ ಸ್ಟ್ಯಾಂಡು ಕೊಟ್ಟು, ಚಕ್ರ ಬಿಚ್ಚಿದೆ. ಈ ಕಾಲದ ಕಾರುಗಳಿಗೆ ಹಿಂದೆ ಸುರುಳಿ ಸ್ಪ್ರಿಂಗ್ ಇರುವುದಿಲ್ಲ. ಉಕ್ಕಿನ ಉದ್ದುದ್ದ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿ ಬಿಲ್ಲಿನಂತೆ ಬಗ್ಗಿಸಿರುತ್ತಾರೆ. ನಾವು ಅದನ್ನು ಕಮಾನು ಅನ್ನುತ್ತೇವೆ. ಎರಡು ಬದಿಗೆ ಎರಡು ಕಮಾನು, ಅವುಗಳ ನಡುವಿಗೆ ಚಕ್ರಗಳ ಅಚ್ಚನ್ನು, ಅಂದರೆ ಆಕ್ಸಲ್ಲನ್ನು, ಬೋಲ್ಟುಗಳಿಂದ ಬಿಗಿದಿರುತ್ತಾರೆ. ಎಡಗಡೆಯ ಕಮಾನು ಬಿಲ್ಲಾಗಿ ಉಳಿದಿರಲಿಲ್ಲ, ಹಲಗೆಯಷ್ಟು ನೇರವಾಗಿತ್ತು. ಎಲ್ಲಕ್ಕಿಂತ ಮೇಲಿನ ಪಟ್ಟಿ ನಡುವಿನಲ್ಲಿ ಬಿರುಕು ಬಿಟ್ಟಿತ್ತು. ಪಟ್ಟಿಗಳನ್ನು ಒಟ್ಟಿಗೆ ಹಿಡಿಯುವ ನಡುಬೋಲ್ಟು ಅರ್ಧ ಕತ್ತರಿಸಿ ಹೋಗಿದ್ದರಿಂದ ಆಕ್ಸಲ್ಲು ಆ ಬದಿಗೆ ಹಿಂದಕ್ಕೆ ಜಾರಿತ್ತು. ಕಾರು ಓರೆಯಾಗಿ ಓಡುತ್ತಿದ್ದದ್ದು ಅದಕ್ಕೇ. ಇನ್ನೊಂದು ದೊಡ್ಡ ಗುಂಡಿಗೆ ಇಳಿದಿದ್ದರೆ ಪಟ್ಟಿ ತುಂಡಾಗಿ ಬ್ರೇಕಿನ ಪೈಪನ್ನೂ ಎಳೆದುಕೊಂಡು ಹೋಗುತ್ತಿತ್ತು. ಡ್ರೈವರನ್ನು ಕರೆದು ತೋರಿಸಿದೆ. "ದೇವ್ರು ದೊಡ್ಡೋನು ಬಿಡಿ ಮೇಡಂ" ಎಂದ. ದೇವರಿಗೆ ಇವನ ಕಾರು ನೋಡಿಕೊಳ್ಳುವುದು ಬಿಟ್ಟು ಬೇರೆ ಕೆಲಸ ಇಲ್ಲವೇನೋ!

ಬಿಚ್ಚುವ ಕೆಲಸ ಸಲೀಸಾಗಿ ಆಗಲಿಲ್ಲ. ಕಮಾನಿನ ಹಿಂದಿನ ತುದಿಯನ್ನು ಚಾಸಿಗೆ ತೂಗುಹಾಕುವ ಪಿನ್ನುಗಳು ತುಕ್ಕು ಹಿಡಿದು ಒಂದೇ ಲೋಹವಾಗಿದ್ದವು. ಎಣ್ಣೆ ಬಿಟ್ಟು ಕಾದೆ, ಗ್ಯಾಸಿನಿಂದ ಕಾಯಿಸಿ ಬಡಿದೆ, ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕೊನೆಗೆ ಕೊಯ್ದು ತೆಗೆಯಬೇಕಾಯಿತು. ಪಿನ್ನು ಕೂರುವ ಕಣ್ಣುಗಳಲ್ಲಿ ಅದಕ್ಕೆ ಮೆತ್ತೆಯಾಗಬೇಕಿದ್ದ ರಬ್ಬರ್ ಬುಷ್ ಎಂಬುದು ಹೆಸರಿಗೂ ಉಳಿದಿರಲಿಲ್ಲ. ಈ ಕಾರಿನ ಬುಷ್ ಎಲ್ಲೂ ಸಿಗುವುದಿಲ್ಲ, ಹಾಗಾಗಿ ಬೇರೊಂದು ಗಾಡಿಯ ಬುಷ್ ತಂದು ಲೇತಿನಲ್ಲಿ ಅಳತೆಗೆ ಇಳಿಸಿದೆ. ಮೊದಲ ಜೊತೆ ಕೂದಲೆಳೆಯಷ್ಟು ದಪ್ಪವಾಗಿ ಒತ್ತುವಾಗ ಸೀಳಿಹೋಯಿತು. ಮತ್ತೆ ಹೊಸದು ತಂದು, ಮತ್ತೆ ಇಳಿಸಿದೆ. ಚಾಸಿಯ ಒಂದು ಕಡೆ ತಗಡು ಹಪ್ಪಳವಾಗಿತ್ತು, ಕೊಯ್ದು ಹೊಸ ತುಂಡು ಬೆಸುಗೆ ಹಾಕಿದೆ.

ಕಮಾನುಗಳನ್ನು ಕಲಾಸಿಪಾಳ್ಯದ ಕಡೆಯ ಗಲ್ಲಿಯಲ್ಲಿ ಕುಲುಮೆ ಇಟ್ಟುಕೊಂಡಿರುವ ಭಾಯ್ ಹತ್ತಿರ ಕೊಟ್ಟೆ. ಬೆಂಗಳೂರಿನಲ್ಲಿ ಹಳೆಯ ಕಮಾನು ಕೆಲಸ ಗೊತ್ತಿರುವವರು ಕೆಲವೇ ಜನ, ಅವರಲ್ಲಿ ಈತ ಗಡಿಬಿಡಿ ಇಲ್ಲದ ಮನುಷ್ಯ. ಬಿರುಕು ಬಿಟ್ಟ ಪಟ್ಟಿಯ ಬದಲಿಗೆ ಹೊಸದು ಮಾಡಬೇಕು, ಉಳಿದವನ್ನು ಕಾಯಿಸಿ ಮತ್ತೆ ಬಗ್ಗಿಸಿ, ಎಣ್ಣೆಯಲ್ಲಿ ಅದ್ದಿ ಹದ ಕೊಡಬೇಕು. ಎಷ್ಟು ಬಗ್ಗಿಸಬೇಕೆಂದು ಕಾರಿನ ಕೈಪಿಡಿಯ ಅಳತೆಯನ್ನೇ ಹೇಳಿ ಬಂದೆ. ನಾನು ಕೈಪಿಡಿ ಬಿಟ್ಟು ಆ ಕಡೆ ಈ ಕಡೆ ಹೋಗುವವಳಲ್ಲ. ಇಷ್ಟು ದಿನ ಕಾರು ಕುಸಿದು ತಗ್ಗಾಗಿದ್ದರಿಂದ, ಕೈಪಿಡಿಯ ಎತ್ತರ ಒಡತಿಗೆ ಸರಿಹೋಗುತ್ತದೋ ಇಲ್ಲವೋ ಎಂಬ ಅನುಮಾನ ಇತ್ತು, ಆದರೆ ಮೊದಲು ಕೂರಿಸಿ ನೋಡೋಣ, ಹೆಚ್ಚಾದರೆ ಇಳಿಸೋಣ ಎಂದುಕೊಂಡಿದ್ದೆ.

ಕಮಾನು ತರಲು ಹೋದಾಗ ಎಣಿಸಿ ನೋಡಿದರೆ ಎರಡಕ್ಕೂ ಒಂದೊಂದು ಪಟ್ಟಿ ಜಾಸ್ತಿ ಇತ್ತು. ಬಾಗು ಕೂಡ ನಾನು ಹೇಳಿದ್ದಕ್ಕಿಂತ ಹೆಚ್ಚು.

"ಇದೇನು ಭಾಯ್, ನಾನು ಹೇಳಿದ್ದೇನು, ನೀವು ಮಾಡಿರೋದೇನು?"

"ಆ ಮನೆಯವರೇ ಬಂದಿದ್ರು ಮೇಡಂ. ಅಮ್ಮ ಹೇಳಿ ಕಳ್ಸಿದಾರೆ, ಒಂದು ಪಟ್ಟಿ ಜಾಸ್ತಿ ಹಾಕಿ, ಚೆನ್ನಾಗಿ ಎತ್ತಿ ಅಂದ್ರು. ಅಮ್ಮನ ಮಾತು ಅಂದ್ಮೇಲೆ ನಾನು ಬೇಡ ಅನ್ನೋಕಾಗ್ತದಾ?"

ಪೇಟೆಯ ವ್ಯವಹಾರ ಗೊತ್ತಿಲ್ಲದವರಿಗೆ ಇದು ವಿಚಿತ್ರ ಅನ್ನಿಸಬಹುದು. ಅಲ್ಲಿ ಮನೆಯ ಹಿರಿಯರು ತಾವೇ ಬಂದು ಹೇಳುವುದು ಕಡಿಮೆ, ಮನೆಯವರ ಕೈಲಿ ಹೇಳಿ ಕಳಿಸುತ್ತಾರೆ. 'ಅಮ್ಮ ಹೇಳಿದ್ದಾರೆ', 'ಅಪ್ಪಾಜಿ ಹೇಳಿದ್ದಾರೆ' ಎಂದರೆ ಸಾಕು, ಬೇಲುಗಟ್ಟಲೆ ಬಟ್ಟೆ ಆ ಮಾತಿನ ಮೇಲೆ ಹೊರಡುತ್ತದೆ. ಫೋನು ಮಾಡಿ ನಿಜವೇ ಎಂದು ಕೇಳಿದರೆ ಮನೆಯವರನ್ನು ಕಳ್ಳರು ಅಂದ ಹಾಗೆ. ಭಾಯ್ ಕೇಳಲಿಲ್ಲ. ನಾನೂ ಇದೇ ಬೀದಿಗಳಲ್ಲಿ ಬೆಳೆದವಳು, ನಾನೂ ಕೇಳಲಿಲ್ಲ. ಅವರ ಮೊಣಕಾಲು ಅವರಿಗೇ ಗೊತ್ತು, ಪೇಟೆಯ ಗುಂಡಿಗಳಿಗೆ ಹೆದರಿ ಎತ್ತರ ಮಾಡಿಸಿಕೊಂಡಿರಬೇಕು ಎಂದುಕೊಂಡು ತಂದು ಜೋಡಿಸಿದೆ.

ಕಾರು ನೆಲಕ್ಕೆ ಇಳಿಸಿದಾಗ ಹಿಂಭಾಗ ಎದ್ದು ನಿಂತಿತು. ನಮ್ಮ ಕಡೆ ಕಮಾನು ಕೆಲಸ ಚೆನ್ನಾಗಿದೆಯೋ ಇಲ್ಲವೋ ಎಂದು ನೋಡುವುದೇ ಹಾಗೆ, ಹಿಂದೆ ಎಷ್ಟು ಎತ್ತಿದೆ ಎಂದು. ಪಕ್ಕದ ಅಂಗಡಿಯವರೆಲ್ಲ ಬಂದು ಭೇಷ್ ಅಂದರು. ಅಕ್ಕಿ ಮಂಡಿಯಿಂದ ಮೂಟೆಗಳನ್ನು ತರಿಸಿ ಹಿಂದಿನ ಸೀಟಿನ ಮೇಲೆ ಹೇರಿ, ಹೊಸ ಕಮಾನು ಕೂತುಕೊಳ್ಳಲಿ ಎಂದು ಎರಡು ದಿನ ಬಿಟ್ಟೆ. ಮೂಟೆ ಇಳಿಸಿದರೂ ಕಾರು ಮೊದಲಿಗಿಂತ ಬಹಳ ಎತ್ತರದಲ್ಲೇ ಉಳಿಯಿತು.

ಒಡತಿ ಬಂದರು. ತಮ್ಮನ ಮಗನ ಕಾರಿನಿಂದ ಅವರನ್ನು ಡ್ರೈವರು, ಅವನು ಇಬ್ಬರೂ ಸೇರಿ ಎಳೆದು ಎಬ್ಬಿಸಿದರು. ಅವರ ಮುಖ ಕಪ್ಪಿಟ್ಟಿತು. ಸೀರೆ ಸರಿ ಮಾಡಿಕೊಂಡು ತಮ್ಮ ಕಾರಿನ ಹತ್ತಿರ ಹೋದರು. ಬಾಗಿಲು ತೆಗೆದು, ಬೆನ್ನು ಕೊಟ್ಟು ನಿಂತು, ಎಂದಿನಂತೆ ಕೂರಲು ಹಿಂದಕ್ಕೆ ವಾಲಿದರು. ಸೀಟಿನ ಅಂಚು ಅವರ ತೊಡೆಯ ಮೇಲ್ಭಾಗಕ್ಕೆ ಬಂತು. ಕೂರಲಾಗಲಿಲ್ಲ. ಕಂಬ ಹಿಡಿದು ಜೀಕಿ ನೋಡಿದರು, ಪಾದ ನೆಲ ಬಿಡಲಿಲ್ಲ. ಮತ್ತೊಮ್ಮೆ ಜೀಕಿದರು. ಭೇಷ್ ಅಂದ ಜನರೆಲ್ಲ ಅಲ್ಲೇ ನಿಂತಿದ್ದರು. ತಮ್ಮನ ಮಗ ಕೈ ಚಾಚಿದ, ಅವರು ಅದನ್ನು ನೋಡಲೇ ಇಲ್ಲ ಎಂಬಂತೆ ಬಾಗಿಲು ಹಾಕಿಬಿಟ್ಟರು.

ನನಗೆ ತಡೆಯಲಾಗಲಿಲ್ಲ. "ನೀವೇ ಹೇಳಿ ಕಳಿಸಿದ್ರಂತಲ್ಲಮ್ಮಾ, ಪಟ್ಟಿ ಜಾಸ್ತಿ ಹಾಕಿ, ಎತ್ತರ ಮಾಡಿ ಅಂತ?"

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ತಮ್ಮನ ಮಗನನ್ನು ನೋಡಿದರು. ಅವನು ತಲೆ ಎತ್ತಲಿಲ್ಲ.

"ಹೂಂ. ನಾನೇ ಹೇಳಿದ್ದು," ಎಂದರು. "ನನ್ನ ಲೆಕ್ಕ ತಪ್ಪಾಯ್ತು ಕಣಮ್ಮ."

ಅದು ಸುಳ್ಳೆಂದು ನನಗೆ ಅಲ್ಲೇ ತಿಳಿಯಿತು. ಮನೆಯ ಮರ್ಯಾದೆಯನ್ನು ಹತ್ತು ಜನರ ಮುಂದೆ ಬೀದಿಗೆ ಹಾಕಬಾರದೆಂದು ಅವರು ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಂಡರು. ನನಗೆ ಆ ಮನುಷ್ಯನ ಮೇಲೆ ಕೆಟ್ಟ ಕೋಪ ಬಂತು. ಅಂಗಡಿ ತನ್ನ ಕೈಗೆ ಬರಲಿ ಅಂತಲೇ ಮಾಡಿದ್ದಾನೆ ಎಂದು ತೀರ್ಮಾನ ಮಾಡಿದೆ. ಆದರೆ ಒಡತಿ ಬಾಯಿ ಮುಚ್ಚಿಕೊಂಡ ಮೇಲೆ ನಾನು ಬಿಚ್ಚುವುದು ಸರಿಯಲ್ಲ.

ಅವರು ಹೊರಟು ನಿಂತಾಗ ಹೇಳಿದೆ, "ನಾಳೆ ಮಧ್ಯಾಹ್ನ ಊಟದ ಹೊತ್ತಿಗೆ ಬನ್ನಿ ಅಮ್ಮ. ಆಗ ಯಾರೂ ಇರಲ್ಲ. ಕಾರಿನ ಅಳತೆ ಬಿಟ್ಹಾಕೋಣ, ನಿಮ್ಮ ಅಳತೆ ತಗೋತೀನಿ."

ಬಂದರು, ತಮ್ಮನ ಮಗನ ಕಾರಿನಲ್ಲೇ, ಆದರೆ ಅವನಿಲ್ಲದೆ, ಡ್ರೈವರ್ ಜೊತೆ. ನಾನು ಹಿಂದಿನ ಬಾಗಿಲ ಮುಂದೆ ನೆಲಕ್ಕೆ ಒಂದು ಮರದ ಹಲಗೆ ಇಟ್ಟು ಅದರ ಮೇಲೆ ನಿಂತು ಕೂರಲು ಹೇಳಿದೆ. ಆಗಲಿಲ್ಲ. ಇನ್ನೊಂದು ಹಲಗೆ ಸೇರಿಸಿದೆ. ಸ್ವಲ್ಪ ಹತ್ತಿರ ಬಂತು. ಮೂರನೆಯದು ತೆಳ್ಳಗಿನ ಪ್ಲೈವುಡ್. ಅದನ್ನಿಟ್ಟ ಮೇಲೆ ಅವರು ಸೀಟಿಗೆ ಬೆನ್ನು ಕೊಟ್ಟು, ವಾಲಿ, ಕೂತರು. ಕಾಲುಗಳನ್ನು ಒಂದೊಂದಾಗಿ ಒಳಗೆ ತಂದುಕೊಂಡರು. ಇಳಿದು ಮತ್ತೊಮ್ಮೆ ಕೂತು ತೋರಿಸಿದರು.

ಡ್ರೈವರು ಮೂಗು ತೂರಿಸಿದ. "ಈ ಹಲಗೇನೇ ಡಿಕ್ಕಿಲಿ ಇಟ್ಕೊಂಡ್ರೆ ಆಯ್ತಲ್ಲಮ್ಮ? ಅಂಗಡಿ ಮುಂದೆ ಹಾಕ್ಕೊಡ್ತೀನಿ."

"ಅಯ್ಯೋ ನಿನ್ನ ಬುದ್ಧಿಗಿಷ್ಟು! ಹಸೆಮಣೆ ಏರೋ ವಯಸ್ಸೇನೋ ನಂದು?"

ಹಲಗೆಗಳನ್ನು ಒಂದರ ಮೇಲೊಂದು ಇಟ್ಟು ಪಕ್ಕದಲ್ಲಿ ಕೈ ಹಿಡಿದು ನೋಡಿದೆ. ನಾಲ್ಕು ಬೆರಳು. ಕಾರು ಅಷ್ಟು ಇಳಿಯಬೇಕು. ಜಾಸ್ತಿ ಹಾಕಿದ ಪಟ್ಟಿ ತೆಗೆದರೂ ಅಷ್ಟು ಇಳಿಯುವುದಿಲ್ಲ. ಕೈಪಿಡಿಯ ಎತ್ತರಕ್ಕೆ ತಂದರೂ ಅವರಿಗೆ ಎರಡು ಬೆರಳು ಹೆಚ್ಚೇ. ಹಾಗಂತ ಬಾಗು ಕಡಿಮೆ ಮಾಡಿದರೆ ಆಕ್ಸಲ್ಲಿಗೂ ಚಾಸಿಗೂ ನಡುವಿನ ಜಾಗ ಕಡಿಮೆಯಾಗಿ ಗುಂಡಿ ಬಂದಾಗಲೆಲ್ಲ ಧಡಾರನೆ ಬಡಿಯುತ್ತದೆ. ಮೊದಲು ಪಟ್ಟಿ ಬಿರುಕು ಬಿಟ್ಟದ್ದೇ ಆ ಬಡಿತಕ್ಕೆ. ಅವರ ಮೊಣಕಾಲಿಗೆ ಒಪ್ಪುವ ಕಾರು ಮುರಿಯುತ್ತದೆ, ಮುರಿಯದ ಕಾರಿಗೆ ಅವರು ಹತ್ತಲಾರರು. ಆ ಸಂಜೆ ತಲೆ ಕೆಟ್ಟು ಕೂತಿದ್ದೆ.

ಮಾರನೆಯ ದಿನ ಎರಡೂ ಕಮಾನುಗಳನ್ನು ಮತ್ತೆ ಇಳಿಸಿ ಭಾಯ್ ಹತ್ತಿರ ಹೊತ್ತೊಯ್ದೆ. ಕೈಪಿಡಿಯ ಅಳತೆ ಬಿಡುತ್ತೇನೆ ಎಂದು ತೀರ್ಮಾನಿಸಿದ್ದೆ. ಇಷ್ಟು ವರ್ಷದಲ್ಲಿ ನಾನಾಗಿಯೇ ಬಿಟ್ಟದ್ದು ಅದೇ ಮೊದಲು, ಅದರಿಂದ ನನಗೆ ಖುಷಿಯೇನೂ ಆಗಿರಲಿಲ್ಲ.

"ಎಲ್ಲಾ ಪಟ್ಟಿಗಳ ಬಾಗು ಇಳಿಸಿ ಭಾಯ್. ಹೆಚ್ಚು ಕಡಿಮೆ ನೇರ ಇರ್ಲಿ. ಎರಡು ಕಡೇನೂ ಒಂದೇ ಸಮ."

"ಏನ್ ಮೇಡಂ ನೀವು! ನೇರ ಪಟ್ಟಿ ಕೊಟ್ಟು ಕಳ್ಸಿದ್ರೆ ನನ್ನ ಕುಲುಮೆ ಮರ್ಯಾದೆ ಏನಾಗ್ಬೇಕು? ಎರಡು ದಿನದಲ್ಲಿ ಬಡಿಯೋಕೆ ಶುರುವಾಗ್ತದೆ."

"ಅದಕ್ಕೇ ಆ ಜಾಸ್ತಿ ಪಟ್ಟಿ ಇದೆಯಲ್ಲ, ಅದನ್ನ ಎಸೀಬೇಡಿ. ದಪ್ಪದ್ದೇ ಇದೆ. ತುದಿ ಸ್ವಲ್ಪ ಕೆಳಗೆ ತಿರುಗಿಸಿ, ಎಲ್ಲಕ್ಕಿಂತ ಕೆಳಗೆ ಹಾಕಿ. ಸುಮ್ನೆ ಮಲಗಿರ್ಲಿ. ಮೇಲಿನವು ಜಾಸ್ತಿ ಬಗ್ಗಿ ಅದಕ್ಕೆ ತಾಗಿದಾಗ ಮಾತ್ರ ಭಾರ ಹೊರ್ಲಿ."

ಭಾಯ್ ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದು ನೋಡಿದರು. ತಲೆ ಕೆರೆದುಕೊಂಡರು. "ಲಾರಿಗೆ ಮಾಡ್ತೀವಿ ಹಿಂಗೆ," ಎಂದರು. "ಕಾರಿಗೆ ಮಾಡಿಲ್ಲ. ನೋಡುವಾ."

ಜೋಡಿಸಿ ಕಾರಿಳಿಸಿದಾಗ ಹಿಂಭಾಗ ಅಂದುಕೊಂಡಷ್ಟೇ ತಗ್ಗಿತು. ಆದರೆ ಬಡಿತದ ಪರೀಕ್ಷೆ ಆಗಬೇಕಿತ್ತು. ಆಕ್ಸಲ್ಲು ಮೇಲೆದ್ದರೆ ತಾಗುವ ರಬ್ಬರ್ ತುಂಡಿನ ಮೇಲೆ ಎರಡೂ ಕಡೆ ಜೇಡಿಮಣ್ಣಿನ ಉಂಡೆ ಅಂಟಿಸಿ, ಹಿಂದೆ ಅಕ್ಕಿ ಮೂಟೆ ಹೇರಿ, ಡ್ರೈವರನ್ನು ಕೂರಿಸಿಕೊಂಡು ಬಸವನಗುಡಿಯ ಕಡೆಗೆ ಓಡಿಸಿದೆ. ಒಳ್ಳೆಯ ರಸ್ತೆ ನನಗೆ ಬೇಕಿರಲಿಲ್ಲ, ಅಗೆದು ಬಿಟ್ಟ ಅಡ್ಡರಸ್ತೆಗಳನ್ನೇ ಹುಡುಕಿದೆ. ಅದಕ್ಕೇನು ನಮ್ಮಲ್ಲಿ ಬರವೇ? ವಾಪಸು ಬಂದು ನೋಡಿದರೆ ಎಡಗಡೆಯ ಉಂಡೆ ರೊಟ್ಟಿಯಾಗಿತ್ತು. ಮತ್ತೆ ಬಿಚ್ಚಿದೆ. ಭಾಯ್ ಕೆಳಗಿನ ಪಟ್ಟಿಯನ್ನು ಇನ್ನಷ್ಟು ಉದ್ದದ್ದು ಮಾಡಿ ಕೊಟ್ಟರು, ಈ ಸಲ ಗೊಣಗದೆ. ಎರಡನೆಯ ಓಟದಲ್ಲಿ ಎಡಗಡೆಯ ಉಂಡೆಯ ನೆತ್ತಿ ತುಸು ಚಪ್ಪಟೆಯಾಗಿತ್ತು ಅಷ್ಟೇ, ಬಲಗಡೆಯದು ಹಾಗೇ ಇತ್ತು. ನಾನು ಅಲ್ಲೇ ನೆಲದ ಮೇಲೆ ಕೂತು ಒಂದು ಕಾಫಿ ತರಿಸಿಕೊಂಡು ಕುಡಿದೆ.

ಉಳಿದಿದ್ದು ಕೊನೆಯ ಬಿಗಿತ. ಕಮಾನಿನ ಕಣ್ಣುಗಳ ಬೋಲ್ಟನ್ನು ಚಕ್ರ ಗಾಳಿಯಲ್ಲಿದ್ದಾಗ ಪೂರ್ತಿ ಬಿಗಿಯಬಾರದು. ಕಾರು ನೆಲದ ಮೇಲೆ, ದಿನವೂ ಹೊರುವ ಭಾರ ಹೊತ್ತು ನಿಂತಿರುವಾಗ ಬಿಗಿಯಬೇಕು, ಇಲ್ಲದಿದ್ದರೆ ಬುಷ್ಷಿನ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಓಡಿಸಿ ನೋಡಲು ಅರೆಬಿಗಿ ಮಾಡಿದ್ದೆ. ಈಗ ಒಡತಿಯೇ ಬಂದು ಕೂರಬೇಕಿತ್ತು.

ಈ ಸಲ ಅವರ ಜೊತೆ ತಮ್ಮನ ಮಗನೂ ಬಂದ. ಕಾರಿನಡಿ ನಿಂತು ಕೆಲಸ ಮಾಡಲು ನೆಲದಲ್ಲಿ ತೋಡಿರುವ ಪಿಟ್ಟಿನ ಮೇಲೆ ಕಾರು ನಿಲ್ಲಿಸಿದ್ದೆ. ಒಡತಿ ಬಾಗಿಲು ತೆಗೆದು, ಬೆನ್ನು ಕೊಟ್ಟು, ಕಂಬ ಹಿಡಿದು ವಾಲಿದರು. ಕೂತರು. ಕಾಲುಗಳನ್ನು ಒಳಗಿಟ್ಟುಕೊಂಡು ಸೆರಗು ಸರಿ ಮಾಡಿಕೊಂಡರು. ನಾನು ಬೇಗ ಬೇಗ ಪಿಟ್ಟಿಗೆ ಇಳಿದೆ.

ಡ್ರೈವರು ಬೀಡಿ ಸೇದಲು ಹೊರಗೆ ಹೋಗಿದ್ದ. ನಾನು ಸ್ಪ್ಯಾನರ್ ಹಿಡಿದು ಎಡಗಡೆಯ ಮುಂದಿನ ಬೋಲ್ಟು ಬಿಗಿಯುತ್ತಿದ್ದೆ. ಮೇಲಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಕೇಳಬಾರದೆಂದರೆ ಕಿವಿ ಮುಚ್ಚಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ನಾನು ಹೇಳಿದೆ ಅಂತ ಯಾಕೋ ಹೇಳ್ದೆ?"

"ನೀವು ಹೋದ ತಿಂಗಳು ಅಂಗಡಿ ಮೆಟ್ಲಲ್ಲಿ ಜಾರಿದ್ರಲ್ಲ ಅತ್ತೆ. ಯಾರಿಗೂ ಹೇಳ್ಬೇಡ ಅಂದ್ರಿ. ನಾನು ಹಿಡ್ಕೊಳ್ದೇ ಇದ್ದಿದ್ರೆ ತಲೆ ಒಡೀತಿತ್ತು. ಅವತ್ತಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಕಾರು ಹತ್ತೋಕಾಗ್ದಿದ್ರೆ ನೀವೇ ಮನೇಲಿರ್ತೀರಿ ಅಂದ್ಕೊಂಡೆ."

"ಅಂಗಡಿ ಮೇಲೆ ಆಸೆ ಇರ್ಲಿಲ್ವಾ?"

"ಇತ್ತು," ಎಂದ. "ಅದೂ ಇತ್ತು ಅತ್ತೆ. ಸುಳ್ಳು ಹೇಳಲ್ಲ."

"ಇರ್ಬೇಕು ಬಿಡು. ಅದಿಲ್ದೇ ಇದ್ರೆ ನಿನ್ನನ್ನ ಕಟ್ಕೊಂಡು ನಾನೇನು ಮಾಡ್ಲಿ?" ಅವರು ನಕ್ಕದ್ದು ಕೇಳಿಸಿತು. ಆಮೇಲೆ ದನಿ ಗಟ್ಟಿಯಾಯಿತು. "ಭಯ ಆದ್ರೆ ನನ್ನ ಮುಖ ನೋಡಿ ಹೇಳು. ಬೈತೀನಿ, ಬೈಸ್ಕೋ. ಕಾರಿನ ಕೈಲಿ ಹೇಳಿಸ್ಬೇಡ. ಅಷ್ಟು ಜನರ ಮುಂದೆ ಜೀಕಿದ್ನಲ್ಲೋ, ನನಗೆ ಎಷ್ಟು ಅವಮಾನ ಆಯ್ತು ಗೊತ್ತಾ ನಿನಗೆ?"

ಅವನು ಏನು ಹೇಳಿದನೋ ಕೇಳಿಸಲಿಲ್ಲ. ಮೂಗು ಸೀಟಿದ ಸದ್ದು ಬಂತು. ಅವನ ಬಗ್ಗೆ ನಾನು ಮಾಡಿದ್ದ ತೀರ್ಮಾನ ಅರ್ಧ ಸರಿ, ಅರ್ಧ ತಪ್ಪು ಎಂದಾಯಿತು. ನಾಲ್ಕನೆಯ ಬೋಲ್ಟು ಬಿಗಿದು "ಆಯ್ತಮ್ಮಾ" ಎಂದು ಕೂಗಿದೆ.

"ಎಷ್ಟು ಭಾರಕ್ಕೆ ಬಿಗಿ ಮಾಡಿದೀಯಮ್ಮಾ?"

"ದಿನಾ ಹಿಂದೆ ಎಷ್ಟು ಜನ ಕೂರ್ತಾರೋ ಅಷ್ಟಕ್ಕೆ. ನೀವೊಬ್ರೇ ಅಲ್ವಾ?"

ಅವರ ಮುಂದಿನ ಮಾತು ನನಗಲ್ಲ, ಅವನಿಗೆ.

"ಅಲ್ಲೇನು ಕಂಬದಂಗೆ ನಿಂತಿದೀಯ? ನಿನ್ನ ಕಾರು ಮನೇಲಿಟ್ಟು ಬಾ ಇನ್ಮೇಲೆ. ಬೆಳಿಗ್ಗೆ ಜೊತೇಲಿ ಹೋಗ್ತಾ ದಾರೀಲಿ ಒಂದೊಂದೇ ಪಾರ್ಟಿ ವಿಷ್ಯ ಹೇಳ್ತೀನಿ, ಯಾರಿಗೆ ಸಾಲ ಕೊಡ್ಬೋದು, ಯಾರಿಗೆ ಕೊಡ್ಬಾರ್ದು ಅಂತ. ಆ ಕಡೆಯಿಂದ ಹತ್ತು." ಆಮೇಲೆ ಬಗ್ಗಿ ನನ್ನ ಕಡೆಗೆ, "ಸಡಿಲ ಮಾಡಮ್ಮಾ ಅದನ್ನ."

ಬಲಗಡೆಯ ಬಾಗಿಲು ತೆರೆದು ಮುಚ್ಚಿತು. ನನ್ನ ತಲೆಯ ಮೇಲೆ ಕಮಾನು ಕಿರ್ರೆಂದು ಒಂದಿಷ್ಟು ಇಳಿಯಿತು. ನಾನು ನಾಲ್ಕೂ ಬೋಲ್ಟುಗಳನ್ನು ಸಡಿಲಿಸಿ, ಇಬ್ಬರ ಭಾರಕ್ಕೆ ಮತ್ತೆ ಬಿಗಿದೆ.